ಬೆಂಗಳೂರಿನಲ್ಲಿದ್ದು ಅಮೆರಿಕದ ಪೈಲಟ್ ಲೈಸೆನ್ಸ್ ಚಾಲ್ತಿಯಲ್ಲಿಡುವ ಬಗೆ

ಅಮೆರಿಕದ ಪ್ರೈವೇಟ್ ಪೈಲಟ್ ಕಾರ್ಡಿನ ಮೇಲೆ ಎಕ್ಸ್‌ಪೈರಿ ತಾರೀಖೇ ಇರುವುದಿಲ್ಲ. ತಕರಾರು ಶುರುವಾಗುವುದು ಅಲ್ಲಿಂದಲೇ. ಅಲ್ಲಿ ಕೆಲಸಕ್ಕಿದ್ದಾಗ ಹಾರಾಟ ಕಲಿತು, ಆಮೇಲೆ ಸಂಸಾರ ಸಮೇತ ಬೆಂಗಳೂರಿಗೆ ವಾಪಸಾದವರು ನಮ್ಮ ನಡುವೆ ಇದ್ದಾರೆ. ಅಂಥವರೊಬ್ಬರು ಮುಂದಿನ ತಿಂಗಳು ಆಫೀಸ್ ಕೆಲಸದ ಮೇಲೆ ಕ್ಯಾಲಿಫೋರ್ನಿಯಾಗೆ ಹೊರಟಿದ್ದಾರೆ. ಅಲ್ಲೊಂದು ಶನಿವಾರ ಸೆಸ್ನಾ 172 ಎಂಬ ಪುಟ್ಟ ವಿಮಾನ ಬಾಡಿಗೆಗೆ ತಗೊಂಡು ಹಾರುವ ಆಸೆ. ಮೊನ್ನೆ ಭಾನುವಾರ ಲಾಗ್‌ಬುಕ್ಕು, ಕಾರ್ಡು, ಹಳೆಯ ಮೆಡಿಕಲ್ ಸರ್ಟಿಫಿಕೇಟು ಎಲ್ಲ ಹಿಡಿದುಕೊಂಡು ಜಯನಗರದ ನಮ್ಮ ಮನೆಗೆ ಬಂದರು. ಕಾಫಿ ಮುಗಿಯುವ ಮೊದಲೇ ಪ್ರಶ್ನೆ ಬಂತು: "ಸಾರ್, ಲೈಸೆನ್ಸ್ ಅಂತೂ ವ್ಯಾಲಿಡ್ ಇದೆಯಲ್ಲ?"

ಕಾರ್ಡು ಕೈಯಲ್ಲಿ ಹಿಡಿದು ನೋಡಿದರೆ ರೈಟ್ ಸಹೋದರರ ಮುಖ, ಲೈಸೆನ್ಸ್ ನಂಬರು, 'ಇಂಗ್ಲಿಷ್ ಪ್ರೊಫಿಷಿಯೆಂಟ್' ಎಂಬ ಸಾಲು, ಕೊಟ್ಟ ದಿನಾಂಕ, ಸಹಿ. ಕಾರ್ಡೇನೋ ವ್ಯಾಲಿಡ್ಡೇ. ಆದರೆ ಅದನ್ನು ಹಿಡಿದುಕೊಂಡು ವಿಮಾನ ಹಾರಿಸಬಹುದೇ ಎನ್ನುವುದನ್ನು ಹೇಳುವುದು ಬೇರೆ ನಾಲ್ಕು ಕಡೆಯ ಕಾಗದಗಳು: ಫ್ಲೈಟ್ ರಿವ್ಯೂ (ಇನ್‌ಸ್ಟ್ರಕ್ಟರ್ ಜೊತೆ ಆಗಾಗ ಮಾಡುವ ಮರುಪರಿಶೀಲನೆ), ಮೆಡಿಕಲ್, ಕಳೆದ 90 ದಿನಗಳ ಲ್ಯಾಂಡಿಂಗ್ ಲೆಕ್ಕ, ಮತ್ತು ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ ಕಡತದಲ್ಲಿರುವ ನಿಮ್ಮ ವಿಳಾಸ. ಮೊದಲ ಮೂರು ಪೈಲಟ್‌ಗಳಿಗೆಲ್ಲ ಗೊತ್ತು. ಈಚೆಗೆ ನಮ್ಮಂಥವರನ್ನು ಹಿಡಿದು ನಿಲ್ಲಿಸುತ್ತಿರುವುದು ನಾಲ್ಕನೆಯದು, ಆದ್ದರಿಂದ ಅದನ್ನೇ ಮೊದಲು ತೆಗೆದೆವು.

2024ರ ಅಕ್ಟೋಬರ್‌ನಲ್ಲಿ ಎಫ್‌ಎಎ ಒಂದು ನಿಯಮ ಪ್ರಕಟಿಸಿತು. ಅಮೆರಿಕದಲ್ಲಿ ವಾಸದ ವಿಳಾಸವಿಲ್ಲದೆ, ಹೊರದೇಶದ ವಿಳಾಸವನ್ನಷ್ಟೇ ಕೊಟ್ಟಿರುವ ಲೈಸೆನ್ಸುದಾರರು ಅಲ್ಲಿ ತಮ್ಮ ಪರವಾಗಿ ಕಾಗದಪತ್ರ ಸ್ವೀಕರಿಸಲು ಒಬ್ಬ ಏಜೆಂಟನ್ನು ನೇಮಿಸಬೇಕು. ಹೊಸ ಅರ್ಜಿದಾರರಿಗೆ ಇದು 2025ರ ಜನವರಿಯಿಂದ ಜಾರಿಗೆ ಬಂತು, ಈಗಾಗಲೇ ಲೈಸೆನ್ಸ್ ಇದ್ದವರಿಗೆ 2025ರ ಜುಲೈ 7 ಕೊನೆಯ ದಿನ. ದಿನ ದಾಟಿದರೆ ಲೈಸೆನ್ಸ್ ರದ್ದಾಗುವುದಿಲ್ಲ, ಆದರೆ ಏಜೆಂಟ್ ನೇಮಕವಾಗುವ ತನಕ ಅದನ್ನು ಬಳಸುವಂತಿಲ್ಲ. ಏಜೆಂಟ್ ಎಂದರೆ ವಕೀಲರೇ ಆಗಬೇಕಿಲ್ಲ. 18 ತುಂಬಿದ, ಅಮೆರಿಕದಲ್ಲಿ ನಿಜವಾದ ಮನೆ ವಿಳಾಸ ಇರುವ ಯಾರಾದರೂ ಆದೀತು, ಪೋಸ್ಟ್ ಬಾಕ್ಸ್ ನಡೆಯದು. ಹಣ ತಗೊಂಡು ಈ ಕೆಲಸ ಮಾಡುವ ಕಂಪನಿಗಳೂ ಇವೆ. ನೇಮಕ ಆನ್‌ಲೈನಿನಲ್ಲೇ ಆಗುತ್ತದೆ.

ಬಂದವರ ಅಕ್ಕ ಫ್ರೀಮಾಂಟ್‌ನಲ್ಲಿದ್ದಾರೆ. ಫೋನ್ ಹಚ್ಚಿದರೆ ಆಕೆಯ ಮೊದಲ ಮಾತು: "ನೀನು ಏನಾದ್ರೂ ಮಾಡ್ಕೊಂಡ್ರೆ ನನ್ನ ಹಿಡ್ಕೊಂಡು ಹೋಗ್ತಾರೇನೋ?" ಹಾಗೇನಿಲ್ಲ. ಎಫ್‌ಎಎಯಿಂದ ಕಾಗದ ಬಂದರೆ ತೆಗೆದುಕೊಂಡು ತಮ್ಮನಿಗೆ ತಲುಪಿಸುವುದಷ್ಟೇ ಆಕೆಯ ಪಾಲಿನ ಕೆಲಸ. ಆದರೆ ಆ 'ಅಷ್ಟೇ' ಮುಖ್ಯ. ಕಾಗದ ಏಜೆಂಟರ ಕೈ ಸೇರಿದರೆ ನಿಮ್ಮ ಕೈ ಸೇರಿದಂತೆಯೇ ಲೆಕ್ಕ. ಮೇಲ್‌ಬಾಕ್ಸ್ ವಾರಗಟ್ಟಲೆ ತೆರೆಯದ ಬಂಧುಗಳನ್ನು ಇದಕ್ಕೆ ಹಾಕಬೇಡಿ. ಕೆಲವರು ಏಜೆಂಟ್ ಗೊಡವೆಯೇ ಬೇಡವೆಂದು ಅಣ್ಣನ ಮನೆಯನ್ನೇ ತಮ್ಮ ವಾಸದ ವಿಳಾಸ ಎಂದು ಬರೆದಿಟ್ಟಿರುತ್ತಾರೆ. ಇರುವುದು ಬನಶಂಕರಿಯಲ್ಲಿ, ಬರೆದದ್ದು ಸ್ಯಾನ್ ಹೋಸೆ ಎಂದಾದರೆ ಅದು ಸುಳ್ಳು ಮಾಹಿತಿಯೇ. ಅಂಚೆ ವಿಳಾಸ ಬದಲಾದರೆ 30 ದಿನದೊಳಗೆ ತಿಳಿಸಬೇಕೆಂಬ ನಿಯಮ ಮೊದಲಿನಿಂದಲೂ ಇದೆ. ತಿಳಿಸದಿದ್ದರೆ ಆಮೇಲೆ ಹಾರುವಂತಿಲ್ಲ.

ಇನ್ನು ಮೆಡಿಕಲ್. ಪ್ರೈವೇಟ್ ಪೈಲಟ್‌ಗೆ ಬೇಕಾದ ಥರ್ಡ್ ಕ್ಲಾಸ್ ಮೆಡಿಕಲ್, ಪರೀಕ್ಷೆಯ ದಿನ 40 ತುಂಬಿರದಿದ್ದರೆ 60 ತಿಂಗಳು, ತುಂಬಿದ್ದರೆ 24 ತಿಂಗಳು ನಡೆಯುತ್ತದೆ. ಲೆಕ್ಕ ತಿಂಗಳ ಕೊನೆಯ ದಿನಕ್ಕೆ. ಇವರದು 38ನೇ ವಯಸ್ಸಿನಲ್ಲಿ, 2018ರ ಜೂನ್‌ನಲ್ಲಿ ಆದದ್ದು. 2023ರ ಜೂನ್ 30ಕ್ಕೇ ಮುಗಿದಿದೆ. ಹೊಸದಕ್ಕೆ ಎಫ್‌ಎಎಯ ಆನ್‌ಲೈನ್ ತಾಣ ಮೆಡ್‌ಎಕ್ಸ್‌ಪ್ರೆಸ್‌ನಲ್ಲಿ ಫಾರಂ ತುಂಬಿ, ಬರುವ ಕನ್ಫರ್ಮೇಷನ್ ನಂಬರನ್ನು ಎಫ್‌ಎಎ ಮಾನ್ಯತೆಯ ಡಾಕ್ಟರಿಗೆ ಕೊಡಬೇಕು. 60 ದಿನದೊಳಗೆ ಅವರು ಅದನ್ನು ತೆರೆಯದಿದ್ದರೆ ಫಾರಂ ಅಳಿಸಿಹೋಗುತ್ತದೆ.

ಫಾರಂನಲ್ಲಿ ನಮ್ಮವರು ಎಡವುವುದು ಎರಡು ಕಡೆ. 17ನೇ ಕಾಲಂ ಈಗ ತಗೊಳ್ಳುತ್ತಿರುವ ಔಷಧಿ ಕೇಳುತ್ತದೆ. ಚೀಟಿ ಇಲ್ಲದೆ ಕೊಂಡದ್ದೂ ಸೇರಿ, ಅಂದರೆ ಆಯುರ್ವೇದದ ಗುಳಿಗೆಯೂ ಬರೆಯಬೇಕು. 19ನೆಯದು ಕಳೆದ ಮೂರು ವರ್ಷದಲ್ಲಿ ನೋಡಿದ ಡಾಕ್ಟರುಗಳ ಪಟ್ಟಿ. ಹಲ್ಲು, ಕಣ್ಣಿನ ಮಾಮೂಲಿ ತಪಾಸಣೆ ಬಿಡಬಹುದು, ಆಫೀಸಿನವರು ವರ್ಷಕ್ಕೊಮ್ಮೆ ಮಾಡಿಸುವ ಹೆಲ್ತ್ ಚೆಕಪ್ ಬರೆಯಬೇಕು. ಬಿಪಿ 155/95 ಮೀರಬಾರದು. ಇವರಂತೆ ಬಿಪಿ ಮಾತ್ರೆ ಇದ್ದರೂ ಹಿಡಿತದಲ್ಲಿದ್ದರೆ ಡಾಕ್ಟರರ ವರದಿ ನೋಡಿ ಸರ್ಟಿಫಿಕೇಟನ್ನು ಅಲ್ಲೇ ಕೊಡುವ ಅವಕಾಶವಿದೆ. ಡಯಾಬಿಟಿಸ್‌ಗೆ ಮಾತ್ರೆ ತಗೊಳ್ಳುತ್ತಿದ್ದರೆ ಕಥೆ ಬೇರೆ: ಸ್ಪೆಷಲ್ ಇಶ್ಯುಯೆನ್ಸ್, ಅಂದರೆ ಎಫ್‌ಎಎಯ ವಿಶೇಷ ಅನುಮತಿ ಬೇಕು, ಕಡತ ವಾಷಿಂಗ್ಟನ್ನು, ಒಕ್ಲಹೋಮಾ ಎಂದು ಅಲೆಯುವಷ್ಟರಲ್ಲಿ ನಿಮ್ಮ ರಿಟರ್ನ್ ಟಿಕೆಟ್ ದಿನ ಬಂದಿರುತ್ತದೆ. ಅಂಥವರು ಪ್ರವಾಸಕ್ಕೆ ಸಾಕಷ್ಟು ತಿಂಗಳು ಮೊದಲೇ ಕೆಲಸ ಶುರುಮಾಡಬೇಕು.

ಬೆಂಗಳೂರಿನ ಧೂಳಿಗೂ ಪರಾಗಕ್ಕೂ ಇಲ್ಲಿ ಮನೆಮನೆಯಲ್ಲೂ ಸೆಟಿರಿಜಿನ್ ಇರುತ್ತದೆ. ನಿದ್ದೆ ಬರಿಸುತ್ತದೆಂದು ಎಫ್‌ಎಎ ಅದನ್ನು ಹಾರಾಟಕ್ಕೆ ಒಪ್ಪುವುದಿಲ್ಲ. ಲೋರಾಟಡಿನ್, ಫೆಕ್ಸೊಫೆನಡಿನ್ ಒಪ್ಪುತ್ತದೆ, ಮೈಗೆ ಒಗ್ಗಿದರೆ ಮಾತ್ರ. ಬಂದವರ ಬ್ಯಾಗಿನ ಪಕ್ಕದ ಜೇಬಿನಲ್ಲೇ ಒಂದು ಸ್ಟ್ರಿಪ್ ಇತ್ತು.

"ಸಾರ್, ಬೇಸಿಕ್‌ಮೆಡ್ ಮಾಡಿದ್ರೆ ಇಷ್ಟೆಲ್ಲ ಬೇಡವಂತಲ್ಲ?" ನ್ಯಾಯವಾದ ಪ್ರಶ್ನೆ. 2017ರ ಮೇ 1ರಿಂದ ಬಂದ ಈ ಸೌಲಭ್ಯದಲ್ಲಿ 48 ತಿಂಗಳಿಗೊಮ್ಮೆ ಮಾಮೂಲಿ ಡಾಕ್ಟರರ ತಪಾಸಣೆ, 24 ತಿಂಗಳಿಗೊಮ್ಮೆ ಆನ್‌ಲೈನ್ ಕೋರ್ಸ್ ಸಾಕು. 2006ರ ಜುಲೈ 14ರ ಬಳಿಕ ಒಮ್ಮೆ ಮೆಡಿಕಲ್ ಇದ್ದಿರಬೇಕು, ಇವರಿಗಿದೆ. 2024ರ ನವೆಂಬರ್‌ನಲ್ಲಿ ಮಿತಿಯನ್ನೂ ಹಿಗ್ಗಿಸಿ 12,500 ಪೌಂಡ್ ತೂಕದ ವಿಮಾನ, ಒಟ್ಟು ಏಳು ಜನ ಎಂದು ಮಾಡಿದರು. ಆದರೆ ಅಮೆರಿಕದ ಡ್ರೈವಿಂಗ್ ಲೈಸೆನ್ಸ್ ಚಾಲ್ತಿಯಲ್ಲಿರಬೇಕು, ಸಹಿ ಹಾಕುವ ಡಾಕ್ಟರ್ ಅಲ್ಲಿನ ರಾಜ್ಯದ ಪರವಾನಗಿಯವರೇ ಆಗಬೇಕು. ಇಂದಿರಾನಗರ ಆರ್‌ಟಿಓ ಕೊಟ್ಟ ಡಿಎಲ್ ಇಲ್ಲಿ ಲೆಕ್ಕಕ್ಕಿಲ್ಲ. 2025ರ ಅಕ್ಟೋಬರ್ 22ರಿಂದ ಜಾರಿಗೆ ಬಂದ ಮೊಸಾಯಿಕ್ ನಿಯಮದ ಕಥೆಯೂ ಇದೇ. ರೆಕ್ಕೆಯ ಫ್ಲ್ಯಾಪ್ ಇಳಿಸದೆ 59 ನಾಟ್ ಒಳಗೆ ಸ್ಟಾಲ್ ಆಗುವ (ವೇಗ ಸಾಲದೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ) ವಿಮಾನಗಳನ್ನು, ಅಂದರೆ 172ನ್ನೂ, ಒಬ್ಬ ಪ್ರಯಾಣಿಕರೊಂದಿಗೆ ಸ್ಪೋರ್ಟ್ ಪೈಲಟ್ ಎಂಬ ಕೆಳ ದರ್ಜೆಯ ಲೈಸೆನ್ಸಿನ ಹಕ್ಕಿನಲ್ಲಿ ಹಾರಿಸಬಹುದು. ಮೆಡಿಕಲ್ ಬದಲು ಡಿಎಲ್ ಸಾಕು, ಮತ್ತೆ ಅಮೆರಿಕದ್ದೇ. ನಿಯಮ ಸಡಿಲವಾದದ್ದೆಲ್ಲ ಅಲ್ಲಿರುವವರಿಗೆ, ಬಿಗಿಯಾದದ್ದು ಇಲ್ಲಿಗೆ ವಾಪಸು ಬಂದವರಿಗೆ. ನಮಗೆ ಥರ್ಡ್ ಕ್ಲಾಸ್ ಮೆಡಿಕಲ್ಲೇ ಗತಿ.

ಫ್ಲೈಟ್ ರಿವ್ಯೂ ಅಷ್ಟು ತಲೆನೋವಲ್ಲ. 24 ತಿಂಗಳಿಗೊಮ್ಮೆ, ಕನಿಷ್ಠ ಒಂದು ಗಂಟೆ ನೆಲದ ಮೇಲೆ, ಒಂದು ಗಂಟೆ ಗಾಳಿಯಲ್ಲಿ. ಉದಾಹರಣೆಗೆ, 2024ರ ಮಾರ್ಚ್ 12ಕ್ಕೆ ಮಾಡಿಸಿದ್ದು 2026ರ ಮಾರ್ಚ್ 31ರವರೆಗೆ ನಡೆಯುತ್ತದೆ. ಇದರಲ್ಲಿ ಪಾಸು ಫೇಲು ಇಲ್ಲ. ಇನ್‌ಸ್ಟ್ರಕ್ಟರಿಗೆ ಸಮಾಧಾನವಾಗದಿದ್ದರೆ ತರಬೇತಿ ಎಂದು ಬರೆದು, ಇನ್ನೊಂದು ದಿನ ಬನ್ನಿ ಎನ್ನುತ್ತಾರೆ. ಇನ್‌ಸ್ಟ್ರಕ್ಟರೇ ಪೈಲಟ್ ಇನ್ ಕಮಾಂಡ್ (ವಿಮಾನದ ಹೊಣೆ ಹೊತ್ತ ಪೈಲಟ್) ಆಗಿ ಕೂತರೆ ನಿಮ್ಮ ಮೆಡಿಕಲ್ ಇನ್ನೂ ಬಂದಿರದಿದ್ದರೂ ರಿವ್ಯೂ ನಡೆಯುತ್ತದೆ. ಪ್ರವಾಸದ ದಿನ ಕಡಿಮೆ ಇದ್ದವರು ಇದನ್ನು ನೆನಪಿಡಬೇಕು.

2019ರಲ್ಲಿ ಹಾರುವುದು ನಿಲ್ಲಿಸಿದ ಇವರಿಗೆ ನೆಲದ ಮೇಲಿನ ಗಂಟೆಯೇ ಹೆಚ್ಚು ಬೇಕು. 2020ರ ಜನವರಿ 1ರಿಂದ ದೊಡ್ಡ ನಿಲ್ದಾಣಗಳ ಸುತ್ತಲಿನ ಕ್ಲಾಸ್ ಬಿ, ಸಿ ವಾಯುಪ್ರದೇಶಗಳಿಗೆ ಎಡಿಎಸ್-ಬಿ ಔಟ್, ಅಂದರೆ ವಿಮಾನ ತಾನಿರುವ ಜಾಗವನ್ನು ತಾನೇ ಪ್ರಸಾರ ಮಾಡುವ ಸಾಧನ, ಕಡ್ಡಾಯ. ಫ್ಲೈಟ್ ಪ್ಲಾನ್ 2019ರ ಆಗಸ್ಟ್ ಕೊನೆಯಿಂದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ (ಐಸಿಎಓ) ನಮೂನೆಯಲ್ಲೇ. ಇವೆರಡನ್ನೂ ಇಲ್ಲೇ ಓದಿಕೊಂಡು ಹೋದರೆ ಅಲ್ಲಿ ಇನ್‌ಸ್ಟ್ರಕ್ಟರ್ ಫೀಸು ಉಳಿಯುತ್ತದೆ. ಪ್ರಯಾಣಿಕರನ್ನು ಕೂರಿಸಲು 90 ದಿನದಲ್ಲಿ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ತಾವೇ ಮಾಡಿರಬೇಕು. ರಾತ್ರಿಗಾದರೆ ಸೂರ್ಯಾಸ್ತದ ಒಂದು ಗಂಟೆಯ ನಂತರ, ಪ್ರತಿ ಸಲ ಪೂರ್ತಿ ನಿಲ್ಲಿಸಿ. ಕಾನೂನಿಗೆ ಮೂರು ಸಾಕು, ಆರು ವರ್ಷ ಬಿಟ್ಟ ಕೈಗೆ ಸಾಲದು. ಹೆಂಡತಿ ಮಕ್ಕಳನ್ನು ಕೂರಿಸುವ ಯೋಚನೆ ಈ ಸಲಕ್ಕೆ ಬೇಡವೆಂದು ನೇರವಾಗಿಯೇ ಹೇಳಿದ್ದಾಯಿತು.

ಬೆಂಗಳೂರಿನದೇ ಜಕ್ಕೂರು ಏರೋಡ್ರೋಮಿನಲ್ಲಿ ಹಾರಲು ಈ ಕಾರ್ಡು ನೇರವಾಗಿ ಬರದು. ವಿಟಿ, ಅಂದರೆ ಭಾರತದ ನೋಂದಣಿಯ ವಿಮಾನ ಹಾರಿಸಲು ಇಲ್ಲಿನ ನಿಯಂತ್ರಕ ಡಿಜಿಸಿಎ ಕೊಡುವ ಲೈಸೆನ್ಸ್ ಬೇಕು, ಅದಕ್ಕೆ ಇಲ್ಲಿನ ಪರೀಕ್ಷೆ, ಇಲ್ಲಿನ ಕ್ಲಾಸ್ 2 ಮೆಡಿಕಲ್, ಎಲ್ಲವೂ ಡಿಜಿಸಿಎಯ ಇಜಿಸಿಎ ಪೋರ್ಟಲಿನಲ್ಲಿ. ಇಲ್ಲೂ ನಿಯಮ ನಿಂತಲ್ಲಿ ನಿಂತಿಲ್ಲ: 2025ರ ಜನವರಿ 1ರಿಂದ 1934ರ ಕಾಯ್ದೆಯ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ ಬಂತು, ರೇಡಿಯೋ ಸರ್ಟಿಫಿಕೇಟಿನ ಹೊಣೆಯನ್ನು ಟೆಲಿಕಾಂ ಇಲಾಖೆಯಿಂದ ಡಿಜಿಸಿಎಗೆ ದಾಟಿಸಿತು. ಫೆಬ್ರವರಿಯಿಂದ ಲೈಸೆನ್ಸ್ ಫೋನಿನಲ್ಲೇ ತೋರಿಸುವ ವ್ಯವಸ್ಥೆಯೂ ಶುರುವಾಯಿತು. ಇನ್ನೊಂದು, ಜಕ್ಕೂರು ಸುಮಾರು 3,000 ಅಡಿ ಎತ್ತರದಲ್ಲಿದೆ. 30 ಡಿಗ್ರಿ ಬಿಸಿಲಿನಲ್ಲಿ ಡೆನ್ಸಿಟಿ ಆಲ್ಟಿಟ್ಯೂಡ್, ಅಂದರೆ ಗಾಳಿ ತೆಳುವಾಗಿ ವಿಮಾನಕ್ಕೆ ಅನಿಸುವ ಎತ್ತರ, 5,500 ಅಡಿ ದಾಟುತ್ತದೆ. ಪಾಲೊ ಆಲ್ಟೊದ ಸಮುದ್ರಮಟ್ಟದ ರನ್‌ವೇಯಲ್ಲಿ ಕಲಿತವರಿಗೆ ಅದೇ 172 ಇಲ್ಲಿ ಏರಲು ಸೋಮಾರಿತನ ಮಾಡಿದಂತೆ ಅನಿಸೀತು.

ಸಂಜೆ ಹೊರಡುವಾಗ ಅವರ ಪುಸ್ತಕದಲ್ಲಿ ಇದ್ದ ಕ್ರಮ ಹೀಗಿತ್ತು: ಈ ವಾರವೇ ಏಜೆಂಟ್ ನೇಮಕ, ವಿಳಾಸ ತಿದ್ದುಪಡಿ. ಬಿಪಿ ನೋಡುವ ಡಾಕ್ಟರರಿಂದ ವರದಿ. ಆಮೇಲೆ ಮೆಡ್‌ಎಕ್ಸ್‌ಪ್ರೆಸ್. ಅಮೆರಿಕ ತಲುಪಿದ ಮೊದಲ ವಾರದಲ್ಲೇ ಮೆಡಿಕಲ್, ಅದೇ ವಾರಾಂತ್ಯ ರಿವ್ಯೂ. ವಿಮಾನ ಬಾಡಿಗೆಗೆ ಕೊಡುವ ಕ್ಲಬ್ಬಿನ ಇನ್ಶೂರೆನ್ಸ್ ಎಷ್ಟು ಗಂಟೆಯ ಈಚಿನ ಹಾರಾಟ ಕೇಳುತ್ತದೆಂದು ಇವತ್ತು ರಾತ್ರಿಯೇ ಮೇಲ್ ಮಾಡಿ ಕೇಳುತ್ತೇನೆಂದರು.