ಲ್ಹೋಸಾರ್ ಆಚರಿಸಿದರೆ ಸಾಕೇ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಇಂಗ್ಲೆಂಡಿನ ಆಲ್ಡರ್‌ಶಾಟ್‌ನಲ್ಲಿ ನನ್ನ ನೆರೆಮನೆಯವರು ನೇಪಾಳದ ಗುರುಂಗ್ ಸಮುದಾಯದವರು. ಹಾಗಾಗಿ ಮನೆಗೆ ಬರುವ ಕನ್ನಡದ ಸ್ನೇಹಿತರೆಲ್ಲ ತಪ್ಪದೆ ಒಂದು ಪ್ರಶ್ನೆ ಕೇಳುತ್ತಾರೆ: ಊರು ಬಿಟ್ಟು ಇಷ್ಟು ದೂರ ಬಂದಿರುವ ಈ ಜನ ತಮ್ಮತನವನ್ನು ಹೇಗೆ ಕಾಪಾಡಿಕೊಂಡಿದ್ದಾರೆ, ಡಿಸೆಂಬರ್ 30ರ ಆಸುಪಾಸಿನಲ್ಲಿ ಸಭಾಂಗಣವೊಂದರಲ್ಲಿ ಲ್ಹೋಸಾರ್ ಎಂಬ ಹೊಸವರ್ಷದ ಹಬ್ಬ ಮಾಡಿದರೆ ಅಷ್ಟಕ್ಕೇ ಸಂಸ್ಕೃತಿ ಉಳಿಯುತ್ತದೆಯೇ? ಉಳಿಯುವುದಿಲ್ಲ ಎಂದೇ ನಾನು ಹೇಳುತ್ತೇನೆ. ಹಬ್ಬಕ್ಕೆ ಬಾರದಿದ್ದರೂ ಯಾರ ಮನೆಯ ಕೆಲಸವೂ ನಿಲ್ಲುವುದಿಲ್ಲ. ಸಾವಿನ ಮನೆಗೆ ಬಾರದಿದ್ದರೆ ನಿಲ್ಲುತ್ತದೆ. ಗುರುಂಗರನ್ನು ಇಂದಿಗೂ ಒಂದಾಗಿ ಹಿಡಿದಿಟ್ಟಿರುವುದು ಆ ಸಾವಿನ ಮನೆಯ ಹೊಣೆ.

ತಮ್ಮನ್ನು ‘ತಮು’ ಎಂದು ಕರೆದುಕೊಳ್ಳುವ ಇವರ ನೆಲೆ ಅನ್ನಪೂರ್ಣ ಪರ್ವತಶ್ರೇಣಿಯ ದಕ್ಷಿಣದ ಇಳಿಜಾರಿನಲ್ಲಿರುವ ಕಾಸ್ಕಿ, ಲಮ್‌ಜುಂಗ್, ಗೋರ್ಖಾ ಜಿಲ್ಲೆಗಳು. 1815ರಿಂದ ಆರಂಭವಾದ ಬ್ರಿಟಿಷರ ಗೂರ್ಖಾ ಸೇನಾ ಭರ್ತಿ ಇವರನ್ನು ಜಗತ್ತಿನಾದ್ಯಂತ ಕೊಂಡೊಯ್ದಿತು. 1947ರಲ್ಲಿ ಹತ್ತು ಗೂರ್ಖಾ ರೆಜಿಮೆಂಟುಗಳ ಪೈಕಿ ಆರು ಭಾರತದಲ್ಲಿ ಉಳಿದು, ನಾಲ್ಕು ಬ್ರಿಟನ್ನಿಗೆ ಸೇರಿದವು. ಆದರೂ ನಿವೃತ್ತ ಯೋಧರಿಗೆ ಬ್ರಿಟನ್ನಿನಲ್ಲಿ ನೆಲೆಸುವ ಹಕ್ಕು ಸಿಗಲು 2004ರವರೆಗೆ ಕಾಯಬೇಕಾಯಿತು. 1997ಕ್ಕೆ ಮೊದಲೇ ನಿವೃತ್ತರಾದವರಿಗೆ ಅದು ಸಿಕ್ಕಿದ್ದು 2009ರಲ್ಲಿ. ಆ ಹೊತ್ತಿಗೆ ಅವರಲ್ಲಿ ಅನೇಕರು ಮುಪ್ಪಿನವರಾಗಿದ್ದರು. ಎಂದರೆ, ಹಳೆಯ ಮಾತು, ಹಾಡು, ಬಂಧುತ್ವದ ಲೆಕ್ಕಗಳನ್ನೆಲ್ಲ ಬಲ್ಲ ಒಂದು ತಲೆಮಾರು ತನ್ನ ಕೊನೆಯ ವರ್ಷಗಳನ್ನು ಕಳೆಯಲು ಇಲ್ಲಿಗೆ ಬಂದಿಳಿಯಿತು.

ಆದ್ದರಿಂದಲೇ ಇಲ್ಲಿ ಸಾವಿನ ಪ್ರಶ್ನೆ ಮೊದಲು ಬಂತು. ಗುರುಂಗರ ಉತ್ತರಕ್ರಿಯೆಗೆ ‘ಪೈ’ ಎಂದು ಹೆಸರು. ಶವಸಂಸ್ಕಾರ ಮುಗಿದು ದಿನಗಳೋ ತಿಂಗಳುಗಳೋ ಕಳೆದ ಮೇಲೂ ನಡೆಯಬಹುದಾದ, ಸಾಂಪ್ರದಾಯಿಕವಾಗಿ ಮೂರು ದಿನಗಳ ಈ ವಿಧಿಯಲ್ಲಿ ಸತ್ತವರ ಪ್ರತಿಕೃತಿಯೊಂದನ್ನು ಮಾಡಿ ನಿಲ್ಲಿಸುತ್ತಾರೆ. ಪಚ್ಯು ಮತ್ತು ಕ್ಲೆಪ್ರಿ ಎಂಬ ಪುರೋಹಿತರು ಪೂರ್ವಜರು ವಲಸೆ ಬಂದ ದಾರಿಯನ್ನು ಹಿಮ್ಮುಖವಾಗಿ, ಊರೂರಿನ ಹೆಸರು ಹೇಳುತ್ತ, ಅನ್ನಪೂರ್ಣದ ಕಾಡಿನಲ್ಲಿ ಪಾಳುಬಿದ್ದಿರುವ ಕೋಹ್ಲಾ ಎಂಬ ಹಳೆಯ ಊರನ್ನೂ ದಾಟಿಸಿ, ಆತ್ಮವನ್ನು ಉತ್ತರದ ಪಿತೃಲೋಕಕ್ಕೆ ಮುಟ್ಟಿಸುತ್ತಾರೆ. ಇಂಗ್ಲೆಂಡಿನಲ್ಲಿ ಪ್ರಾಣ ಬಿಟ್ಟವರೂ ಅದೇ ದಾರಿಯಲ್ಲಿ ನಡೆಯಬೇಕು. ಈ ವಿಧಿಯನ್ನು ಹಣ ಕೊಟ್ಟು ಒಬ್ಬ ಪುರೋಹಿತನಿಂದ ಮಾಡಿಸಿ ಮುಗಿಸಲು ಬರುವುದಿಲ್ಲ. ಸೋದರಮಾವನ ಕಡೆಯವರು ಬಟ್ಟೆ ತರಬೇಕು, ದುಡಿಮೆಯ ಭಾರವನ್ನು ಅಳಿಯಂದಿರು ಹೊರಬೇಕು. ಸೋದರಮಾವನ ಸ್ಥಾನ ಎಂಥದೆಂದು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಸೋದರಿಕೆಯ ಮದುವೆ ಅವರಲ್ಲೂ ರೂಢಿಯಲ್ಲಿತ್ತು. ಮಗನಿಗೆ ತನ್ನ ಕುಲ ಯಾವುದು, ಯಾರ ಮನೆಗೆ ತಾನು ಅಳಿಯ ಎಂಬುದು ತಿಳಿಯದೆ ಹೋದರೆ ಪೈ ನಡೆಯುವುದೇ ಇಲ್ಲ.

ಹಳ್ಳಿಯ ಯುವಜನರು ರಾತ್ರಿ ಸೇರಿ ಹಾಡುತ್ತಿದ್ದ ರೋಧಿ ಇಂದು ವೇದಿಕೆಯ ಕಾರ್ಯಕ್ರಮವಾಗಿದೆ. ಅದಕ್ಕೆ ನಾನು ಅಷ್ಟಾಗಿ ಮರುಗುವುದಿಲ್ಲ. ನಾಲ್ಕು ಜಾತಿ, ಹದಿನಾರು ಜಾತಿ ಎಂದು ಕುಲಗಳನ್ನು ಮೇಲುಕೀಳಾಗಿಸಿದ ಹಳೆಯ ವಿಭಜನೆ ಪರದೇಶದಲ್ಲಿ ಅಳಿದುಹೋದರೆ ಒಳ್ಳೆಯದೇ.

ಮರುಗಬೇಕಾದ್ದು ಭಾಷೆಗೆ. ನೇಪಾಳದ 2011ರ ಜನಗಣತಿಯಂತೆ ಗುರುಂಗರು ಸುಮಾರು 5.22 ಲಕ್ಷವಿದ್ದರೆ, ತಮು ಕ್ಯಿ ಎಂಬ ಗುರುಂಗ್ ಭಾಷೆ ತಮ್ಮ ತಾಯ್ನುಡಿ ಎಂದವರು ಸುಮಾರು 3.25 ಲಕ್ಷ ಮಾತ್ರ. ಹುಟ್ಟಿದ ನೆಲದಲ್ಲೇ ನೇಪಾಳಿ ಭಾಷೆಗೆ ಎಡೆ ಬಿಟ್ಟುಕೊಟ್ಟ ಮಾತು ಇಂಗ್ಲಿಷಿನ ಶಾಲೆಯ ಮುಂದೆ ಎಷ್ಟು ದಿನ ನಿಂತೀತು? ಗುರುಂಗರ ಖೇಮಾ ಲಿಪಿ 2024ರಲ್ಲಿ ಯೂನಿಕೋಡಿನ 16ನೆಯ ಆವೃತ್ತಿಗೆ ಸೇರಿತು. ನಮ್ಮ ತುಳು-ತಿಗಳಾರಿ ಲಿಪಿಯೂ ಅದೇ ಆವೃತ್ತಿಯಲ್ಲಿ ಸೇರಿತೆಂದು ನಾನು ಅಂದು ಎರಡು ಪಟ್ಟು ಸಂತೋಷಪಟ್ಟಿದ್ದೆ. ಆದರೆ ಪಚ್ಯುವಿನ ಪಠಣ ಗುರುವಿನಿಂದ ಕಿವಿಗೆ ಬೀಳುವ ವಿದ್ಯೆ. ವರ್ಷಗಟ್ಟಲೆ ಬಳಿಯಲ್ಲೇ ಕುಳಿತು ಕಲಿಯುವ ಹುಡುಗರಿಲ್ಲದೆ ಲಿಪಿಯೊಂದರಿಂದ ಅದು ಮುಂದುವರಿಯಲಾರದು. ಹೀಗಾಗಿ, ವಾರಾಂತ್ಯದ ಭಾಷಾ ತರಗತಿಗಿಂತಲೂ ಮೊದಲು ಒಬ್ಬಿಬ್ಬರು ತರುಣರನ್ನು ನೇಪಾಳದ ಪೊಖರಾದ ಕಡೆಗೆ ಪಚ್ಯುಗಳ ಬಳಿ ಶಿಷ್ಯರಾಗಿರಲು ಕಳಿಸಿ, ಅವರ ಮನೆಖರ್ಚನ್ನು ಸಮುದಾಯವೇ ನೋಡಿಕೊಳ್ಳಬೇಕೆಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ಕಳೆದ ಚಳಿಗಾಲದಲ್ಲಿ ನೆರೆಮನೆಯ ಅಜ್ಜ ತೀರಿಕೊಂಡರು. ಇಲ್ಲೇ ಹುಟ್ಟಿ ಬೆಳೆದ ಅವರ ಮೊಮ್ಮಗಳ ಗಂಡ ಕೆಲಸಕ್ಕೆ ರಜೆ ಹಾಕಿ ಬಂದು, ನೀರು ಹೊತ್ತು, ಪಾತ್ರೆ ತೊಳೆದು, ರಾತ್ರಿಯಿಡೀ ಎಚ್ಚರವಿದ್ದ. ಪಠಣದ ಒಂದು ಮಾತೂ ಅವನಿಗೆ ತಿಳಿಯಲಿಲ್ಲ. ಬೆಳಗಿನ ಜಾವ ಪಚ್ಯು ಬಿಡುವಾದಾಗ, ದಾರಿಯ ಮೊದಲ ಊರು ಯಾವುದೆಂದು ಅವನು ಕೇಳಿದ.