ಖಾಲಿ ಗಾಡಿ

"ಇದೇನೋ, ಖಾಲಿ ಗಾಡಿನಾ?"

ಐದು ತಿಂಗಳ ಭಾನುವಾರಗಳನ್ನೆಲ್ಲ ತಿಂದು ಹಾಕಿದ್ದ, ನಾನೇ ಕಟ್ಟಿದ ಪುಟ್ಟ ಕಾರನ್ನು ಜಗಲಿಯ ಮೇಲಿಟ್ಟು, ಹಳೆ ಪಂಚೆಯ ಸುತ್ತು ಬಿಚ್ಚಿದಾಗ ಅಪ್ಪ ಆಡಿದ ಮೊದಲ ಮಾತು ಇದು. ಆಯುಧಪೂಜೆಯ ಹಿಂದಿನ ಸಂಜೆ. ಬೆಂಗಳೂರಿಂದ ಸಾಗರದವರೆಗೆ ಬಸ್ಸಿನಲ್ಲಿ ರಟ್ಟಿನ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದೆ. ಕಾಲು ಜೋಮು ಹಿಡಿದಿತ್ತು. ಒಂದು "ಭೇಷ್" ಆದರೂ ಬರುತ್ತದೆ ಅಂದುಕೊಂಡಿದ್ದೆ.

ಗಾಡಿ ಅಂದರೆ ಅಂಬಾಸಿಡರ್, ಮಾರ್ಕ್ 4, ಡೀಸೆಲ್. ಅಪ್ಪ ಹದಿನೈದು ವರ್ಷ ಬಾಡಿಗೆಗೆ ಓಡಿಸಿದ್ದು. ಜೋಗ, ಸಿಗಂದೂರು ಲಾಂಚು, ಮದುವೆ ದಿಬ್ಬಣ, ಬಾಣಂತಿಯರನ್ನು ಆಸ್ಪತ್ರೆಗೆ ಒಯ್ಯುವುದು, ಎಲ್ಲ ಅದರಲ್ಲೇ. ಅದು ಗುಜರಿಗೆ ಹೋದಾಗ ನಾನು ಹೈಸ್ಕೂಲು. 2014ರಲ್ಲಿ ಉತ್ತರಪಾರದ ಕಾರ್ಖಾನೆಯೇ ನಿಂತಿತು ಎಂದು ಪೇಪರಿನಲ್ಲಿ ಓದಿ ಫೋನ್ ಮಾಡಿದರೆ, "ಹೌದಾ, ಊಟ ಆಯ್ತಾ?" ಎಂದಿದ್ದ ಅಪ್ಪ. ಆತನ ಸ್ವಭಾವವೇ ಹಾಗೆ.

ನನಗೆ ಬೇಕಾಗಿದ್ದು ಶೋಕೇಸಿನಲ್ಲಿಡುವ ಬೊಂಬೆಯಲ್ಲ, ರಿಮೋಟಿನಲ್ಲಿ ಓಡುವ ಅಂಬಾಸಿಡರ್. 1/10 ಅಳತೆಯದು. ಅದರ ಬಾಡಿ ಸಿದ್ಧವಾಗಿ ನನಗೆಲ್ಲೂ ಸಿಗಲಿಲ್ಲ. ಬಾಡಿಯ ಅಡಿಯ ಓಡುವ ಚೌಕಟ್ಟು, ಅಂದರೆ ಚಾಸಿಯನ್ನಾದರೂ ಕೊಂಡುಬಿಡೋಣ ಎಂದರೆ ಅಲ್ಲೊಂದು ತಕರಾರು. ನಿಜವಾದ ಗಾಡಿಯಲ್ಲಿ ಮುಂದಿನ ಗಾಲಿಯ ನಡುವಿಂದ ಹಿಂದಿನ ಗಾಲಿಯ ನಡುವಿಗೆ 2464 ಮಿಲಿಮೀಟರ್, ಅಂದರೆ ನನಗೆ ಬೇಕಾದದ್ದು 246. ಅಂಬಾಸಿಡರಿನ ಅಗಲಕ್ಕೆ ಹೊಂದುವ ಸಣ್ಣ ಚಾಸಿಗಳು ಸಿಗುವುದು 210, 225, 239ರಲ್ಲಿ. 257ರದ್ದು ಉಂಟು, ಆದರೆ ಅದರ ಅಗಲಕ್ಕೆ ಗಾಲಿಗಳು ಮಡ್‌ಗಾರ್ಡಿನ ಹೊರಗೆ ಇಣುಕುತ್ತವೆ. 239ರದ್ದನ್ನೇ ತಂದೆ. ಉಳಿದ ಏಳು ಮಿಲಿಮೀಟರನ್ನು ಹಿಂದಿನ ಗಾಲಿಯ ಕಮಾನನ್ನು ಮುಂದಕ್ಕೆ ಸರಿಸಿ ಮುಚ್ಚಿಹಾಕಿದೆ. ಈ ಕಳ್ಳತನ ಎರಡು ವಾರ ನಿದ್ದೆ ಕೆಡಿಸಿತ್ತು. ಅಪ್ಪನಿಗೆ ಇವತ್ತಿಗೂ ಅದು ಗೊತ್ತಾಗಿಲ್ಲ.

ಬಾಡಿಗೆ ಬಳಸಿದ್ದು ಬೋರ್ಡು ಬರೆಯುವವರು ಕೊಳ್ಳುವ ಸನ್‌ಬೋರ್ಡು. ಐದು ಮಿಲಿಮೀಟರಿನ ಹಾಳೆಗಳನ್ನು ಬ್ರೆಡ್ಡಿನ ಹೋಳುಗಳ ಹಾಗೆ ಅಂಟಿಸಿ, ಅರದಿಂದ ತೀಡಿ, ಪುಟ್ಟಿ ಹಚ್ಚಿ, ಮತ್ತೆ ತೀಡಿ. ಅಂಬಾಸಿಡರಿನಲ್ಲಿ ನೇರ ಗೆರೆ ಎಂಬುದೇ ಇಲ್ಲ ಎಂದು ನನಗೆ ತಿಳಿದದ್ದು ಆಗ. ಬಾನೆಟ್ಟಿನ ಉಬ್ಬು ದೀಪದ ಗುಂಡಿಗೆ ಇಳಿಯುವ ಜಾಗದಲ್ಲಿ ಬೆರಳಾಡಿಸಿದರೆ ಸರಿಯೆನಿಸುತ್ತದೆ, ಬೆಳಕಿಗೆ ಹಿಡಿದರೆ ಹೊಂಡ. ತೀಡುವ ವಾಟರ್ ಪೇಪರಿನಲ್ಲಿ ನಾನೂರು ನಂಬರಿನಿಂದ ಸಾವಿರದವರೆಗೆ ಹೋಗಿ ಮತ್ತೆ ನಾನೂರಕ್ಕೆ ಎಷ್ಟು ಸಲ ಇಳಿದೆನೋ. ಕ್ರೋಮಿನ ಪಟ್ಟಿಗೆ ಅಡುಗೆಮನೆಯ ಫಾಯಿಲ್ ಸಾಕಾಯಿತು. ಸ್ಟೇರಿಂಗಿನ ಪಕ್ಕದ ಗೇರಿನ ಕಡ್ಡಿಗೆ ಒಂದು ಗುಂಡುಪಿನ್ನು ಬಗ್ಗಿಸಿದೆ. ಅದರ ಕರಿ ತಲೆಯೇ ಗೇರಿನ ಗುಬುಟು. ಇಡೀ ಗಾಡಿಯಲ್ಲಿ ಒಂದೇ ಏಟಿಗೆ ಸರಿಹೋದದ್ದು ಅದೊಂದೇ.

ಗಾಜು ಮಾತ್ರ ಅಳಿಸಿಬಿಟ್ಟಿತು. ಪಾರದರ್ಶಕ ಓಎಚ್‌ಪಿ ಹಾಳೆ ಕತ್ತರಿಸಿ ಸೂಪರ್ ಗ್ಲೂನಿಂದ ಕೂರಿಸಿ ಮಲಗಿದೆ. ಬೆಳಗ್ಗೆ ನೋಡಿದರೆ ಆರೂ ಕಿಟಕಿಗೆ ಆಗುಂಬೆಯ ಮಂಜು. ಆ ಅಂಟು ಒಣಗುವಾಗ ಬಿಡುವ ಆವಿ ಪ್ಲಾಸ್ಟಿಕ್ಕಿನ ಮೇಲೆ ಬಿಳಿ ಪೊರೆಯಾಗಿ ಕೂರುತ್ತದೆ. ಉಜ್ಜಿದರೆ ಗೀರು. ಎಲ್ಲ ಕಿತ್ತು ಹೊಸ ಹಾಳೆ ಕತ್ತರಿಸಿ ಫೆವಿಕಾಲ್‌ನಲ್ಲಿ ಕೂರಿಸಿದೆ. ಹಚ್ಚುವಾಗ ಹಾಲಿನ ಹಾಗಿದ್ದರೂ ಅದು ಒಣಗಿದ ಮೇಲೆ ಕಾಣುವುದಿಲ್ಲ.

ಎಸ್‌ಪಿ ರೋಡಿನಿಂದ ತಂದ ಎಲ್ಇಡಿ ದೀಪಗಳದ್ದು ಇನ್ನೊಂದು ಕಥೆ. ಹಚ್ಚಿದರೆ ನೀಲಿ ಬೆರೆತ ಬಿಳುಪು, ಅಂಬಾಸಿಡರಿಗೆ ಈಗಿನ ಕಾಲದವರ ಕಣ್ಣು ಇಟ್ಟ ಹಾಗೆ. ಗಾಜಿಗೆ ಹಚ್ಚುವ ಹಳದಿ ಬಣ್ಣದಲ್ಲಿ ಅದ್ದಿ ತೆಗೆದ ಮೇಲೆ ಹಳೆಯ ಬಲ್ಬಿನ ಮಂಕು ಬಂತು. ಒಳಗೆ ಸ್ಟೇರಿಂಗ್ ತಿರುಗಿಸುವ ಸರ್ವೋ, ಮೋಟಾರಿನ ವೇಗ ಹಿಡಿಯುವ ಇಎಸ್‌ಸಿ, ರಿಮೋಟಿನ ಮಾತು ಕೇಳುವ ರಿಸೀವರ್, 7.4 ವೋಲ್ಟಿನ ಬ್ಯಾಟರಿ ಇಷ್ಟನ್ನೂ ತುರುಕಬೇಕು. ಹಾಗಾಗಿ ಸೀಟುಗಳು ಮೇಲಿನ ಅರ್ಧ ಮಾತ್ರ ಇವೆ. ಡ್ರೈವರನ್ನು ಕೂರಿಸಿದರೆ ಅವನಿಗೆ ಸೊಂಟದ ಕೆಳಗೆ ಏನೂ ಇರುವುದಿಲ್ಲ. ಅದಕ್ಕೇ ಕೂರಿಸಲಿಲ್ಲ.

ಬೆಂಗಳೂರಿನ ಮನೆಯ ತಾರಸಿಯ ಮೇಲೆ ಮೊದಲ ಸಲ ಟ್ರಿಗರ್ ಒತ್ತಿದಾಗ ನೀರಿನ ಟ್ಯಾಂಕಿಗೆ ಗುದ್ದದೆ ಉಳಿದದ್ದು ಪುಣ್ಯ. ಇಂಥ ಚಾಸಿ ಗಂಟೆಗೆ ಇಪ್ಪತ್ತೈದು ಕಿಲೋಮೀಟರ್ ಸಲೀಸಾಗಿ ಓಡುತ್ತದೆ. ಅಳತೆಗೆ ಹಿಗ್ಗಿಸಿದರೆ ಇನ್ನೂರೈವತ್ತು! ರಿಮೋಟಿನಲ್ಲಿ ವೇಗವನ್ನು ಕಾಲು ಭಾಗಕ್ಕೆ ಕಟ್ಟಿಹಾಕಿದೆ.

ಇಷ್ಟೆಲ್ಲ ಮಾಡಿ ತಂದ ಗಾಡಿಗೆ ಅಪ್ಪ ಕೇಳಿದ್ದು, ಖಾಲಿ ಗಾಡಿನಾ ಅಂತ.

"ಯಾಕೆ, ಏನಾಯ್ತು?"

"ಹಿಂದೆ ಎತ್ಕೊಂಡು ನಿಂತಿದೆ ನೋಡು. ನಮ್ಮ ಗಾಡಿ ಯಾವತ್ತು ಹೀಗೆ ನಿಂತಿತ್ತು? ಹಿಂದೆ ಐದು ಜನ, ಮುಂದೆ ಮೂರು, ಡಿಕ್ಕೀಲಿ ಅಡಿಕೆ ಮೂಟೆ. ಸ್ಪ್ರಿಂಗಿನ ಪಟ್ಟಾ ಕೂತು ಹೋಗಿತ್ತು."

ನಿಜ. ನಾನು ನೋಡಿ ನೋಡಿ ಕಟ್ಟಿದ ಫೋಟೋಗಳೆಲ್ಲ ಹೊಸ ಗಾಡಿಯವು. ಗಾಲಿಯ ಮೇಲೆ ನಾಲ್ಕು ಬೆರಳು ಜಾಗ, ಮಟ್ಟಸವಾದ ನಿಲುವು. ನನ್ನ ನೆನಪಿನಲ್ಲಿರುವ ಗಾಡಿಯ ಹಿಂಭಾಗ ಸದಾ ಕುಕ್ಕರುಗಾಲಿನಲ್ಲಿ ಕೂತ ಹಾಗಿತ್ತು. ರಾತ್ರಿ ಅದರ ದೀಪ ರಸ್ತೆಗಿಂತ ಹೆಚ್ಚಾಗಿ ಮರದ ಕೊಂಬೆಗಳನ್ನೇ ಬೆಳಗುತ್ತಿತ್ತು. ಕಣ್ಣೆದುರೇ ಇದ್ದದ್ದನ್ನು ಬಿಟ್ಟು ಇಂಟರ್ನೆಟ್ಟಿನ ಗಾಡಿ ಕಟ್ಟಿದ್ದೆ.

ಅಷ್ಟಕ್ಕೇ ನಿಲ್ಲಲಿಲ್ಲ. "ಎಡಗಡೆ ಹಿಂದಿನ ಬಾಗಿಲು ಇಷ್ಟು ಬೆಳ್ಳಗಿತ್ತಾ?" ಎಂದು ತಾನೇ ನಕ್ಕ. ಎಲೆಅಡಿಕೆಯ ಕವಳ ಹಾಕಿದವರು ಆ ಕಿಟಕಿಯಿಂದಲೇ ಉಗಿಯುತ್ತಿದ್ದರು. ಗಾಳಿಗೆ ಅದು ಬಾಗಿಲಗುಂಟ ಹಿಂದಕ್ಕೆ ಹರಡಿ ಒಣಗುತ್ತಿತ್ತು. ದಿನಾ ಸಂಜೆ ಅದನ್ನು ತೊಳೆಯುವುದು ನನ್ನ ಪಾಳಿ. ಅದನ್ನೂ ಮರೆತಿದ್ದೆ ನೋಡಿ.

ರಾತ್ರಿ ಊಟವಾದ ಮೇಲೆ ಜಗಲಿಯಲ್ಲೇ ಕೂತು ಹಿಂದಿನ ಶಾಕ್‌ಗಳ ಸ್ಪ್ರಿಂಗಿನ ಮೇಲಿನ ಬಿಲ್ಲೆಗಳನ್ನು ತೆಗೆದೆ. ಸ್ವಲ್ಪ ಇಳಿಯಿತು, ಸಾಲಲಿಲ್ಲ. ಬ್ಯಾಟರಿಯನ್ನು ಸೀಟಿನ ಕೆಳಗಿಂದ ಕಿತ್ತು ಡಿಕ್ಕಿಗೆ ಸಾಗಿಸಿದೆ. ಕೂತಿತು. ಬಾಗಿಲಿಗೆ ಕೆಂಗಂದು ಬಣ್ಣವನ್ನು ತೆಳ್ಳಗೆ ಮಾಡಿ, ಹಳೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ಅದ್ದಿ, ಎಳೆಗಳನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಮೀಟಿದೆ. ಮೊದಲು ಹಳೆ ಪೇಪರಿನ ಮೇಲೆ ಏಳೆಂಟು ಸಲ ಅಭ್ಯಾಸ. ಅಂಗಡಿಯ ಹೊಳಪಿನ ಮೇಲೆ ಉಗುಳು ಎರಚಲು ಇಷ್ಟು ಧೈರ್ಯ ಬೇಕೆಂದು ಗೊತ್ತಿರಲಿಲ್ಲ.

ಅಂಗಳದಲ್ಲಿ ಓಡಿಸಿ ನೋಡಿದೆ. ಭಾರ ಹಿಂದಕ್ಕೆ ಹೋದದ್ದಕ್ಕೆ ಮುಂದಿನ ಗಾಲಿಗಳಿಗೆ ಹಿಡಿತ ಕಮ್ಮಿ. ಸ್ಟೇರಿಂಗ್ ತಿರುಗಿಸಿದರೂ ಗಾಡಿ ನೇರ ಹೋಗಿ, ಆಮೇಲೆ ಮನಸ್ಸು ಮಾಡಿ ತಿರುಗುತ್ತದೆ. ಇದು ಕೆಟ್ಟಿತು ಎಂದು ಗೊಣಗಿದೆ.

"ಅದೂ ಹಂಗೇ ಇತ್ತು" ಎಂದ ಅಪ್ಪ, ಒಳಗಿನಿಂದ.

ಮರುದಿನ ಸ್ಕೂಟಿ, ಟಿಲ್ಲರು, ಕತ್ತಿ, ಏಣಿಗಳ ಜೊತೆ ಇದಕ್ಕೂ ಕುಂಕುಮ ಬಿತ್ತು. ಅಮ್ಮ ಗಾಲಿಗೆ ನಿಂಬೆಹಣ್ಣು ಇಡಲು ಬಂದವಳು ನಿಂತಳು. ಗಾಲಿಯೇ ಒಂದೂವರೆ ನಿಂಬೆಹಣ್ಣಿನಷ್ಟಿತ್ತು. ಅಪ್ಪ ಏನೂ ಹೇಳದೆ ತೋಟಕ್ಕಿಳಿದು, ಅಡಿಕೆ ಮರಕ್ಕೆ ಹಬ್ಬಿಸಿದ ಬಳ್ಳಿಯಿಂದ ಎಳೆ ಕಾಳುಮೆಣಸಿನ ಗೊಂಚಲೊಂದನ್ನು ಕಿತ್ತು ತಂದ. ನಾಲ್ಕು ಹಸಿರು ಕಾಳು ಬಿಡಿಸಿ ನಾಲ್ಕು ಗಾಲಿಯ ಮುಂದೆ ಇಟ್ಟ. ನಿಂಬೆಹಣ್ಣಿನ ಹತ್ತರಲ್ಲೊಂದು ಪಾಲು, ಸ್ಕೇಲು ಹಿಡಿದು ಅಳೆದರೂ ಅಷ್ಟೇ.

ಮೆಲ್ಲಗೆ ಟ್ರಿಗರ್ ಒತ್ತಿದೆ. ಮುಂದಿನ ಎರಡೂ ಕಾಳು ಗಾಲಿಗೆ ಸಿಗದೆ ಪಕ್ಕಕ್ಕೆ ಉರುಳಿದವು. ಹಿಂದೆ ಬಲಗಡೆಯದೂ ಜಾರಿತು. ಎಡಗಡೆಯದು, ಬ್ಯಾಟರಿಯ ಕೆಳಗಿನದು, ಚಟ್ ಎಂದಿತು. ಬಗ್ಗಿ ಮೂಸಿದರೆ ರಬ್ಬರಿನ ಮೇಲೆ ಹಸಿ ಮೆಣಸಿನ ಘಾಟು.

"ಲೋಡಿದೆ" ಎಂದು ಅಪ್ಪ ಉಳಿದ ಮೂರು ಕಾಳನ್ನು ಹೆಕ್ಕಿ ಬಾಯಿಗೆ ಹಾಕಿಕೊಂಡ.