ಮೊಬೈಲ್‌ಗೆ ಬ್ಯಾಟರಿ ಬದಲು ಸೂಪರ್‌ಕೆಪಾಸಿಟರ್ ಹಾಕಿದ್ರೆ ಆಗಲ್ವಾ?

ಆಗಲ್ಲ.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಬಾಯಲ್ಲಿ ಹೇಳಿದರೆ ಯಾರೂ ಇಷ್ಟಕ್ಕೆ ಬಿಡುವುದಿಲ್ಲ. ನಾನು ಸರ್ಕ್ಯೂಟ್ ಬೋರ್ಡ್ ಡಿಸೈನ್ ಮಾಡುವವನು ಅಂತ ಗೊತ್ತಾದ ಕೂಡಲೇ ಶುರು. ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಮೇಲೆ ಕೇಳಿದವರಿಗೆ ಲಿಂಕ್ ಕಳಿಸಿ ಸುಮ್ಮನಾಗುತ್ತೇನೆ. ಗೊತ್ತಿಲ್ಲದವರಿಗೆ: ಸೂಪರ್‌ಕೆಪಾಸಿಟರ್ ಅಂದರೆ ಬ್ಯಾಟರಿಯ ಹಾಗೆ ವಿದ್ಯುತ್ ತುಂಬಿಟ್ಟುಕೊಳ್ಳುವ, ಆದರೆ ಬೇಗ ತುಂಬಿ ಬೇಗ ಖಾಲಿಯಾಗುವ ಬಿಡಿಭಾಗ.

ಪ್ರಶ್ನೆಗಿಂತ ಅದನ್ನು ಕೇಳುವ ಧಾಟಿಯೇ ತಲೆನೋವು. ಒಂದು ಗೃಹಪ್ರವೇಶದ ಊಟದಲ್ಲಿ ಪಕ್ಕ ಕೂತಿದ್ದ ದೂರದ ನೆಂಟರೊಬ್ಬರು, ಎಲೆಗೆ ಹೋಳಿಗೆ ಬಿದ್ದು ಇನ್ನೇನು ತುಪ್ಪ ಬರಬೇಕು ಅನ್ನುವಾಗ ಎಡಗೈಯಲ್ಲಿ ಫೋನ್ ತೆಗೆದರು. "ನೋಡಪ್ಪಾ, ಇಪ್ಪತ್ತು ಸೆಕೆಂಡಲ್ಲಿ ಫುಲ್ ಚಾರ್ಜ್ ಆಗುತ್ತಂತೆ. ಹದಿನೆಂಟು ವರ್ಷದ ಹುಡುಗಿ ಕಂಡುಹಿಡಿದಿದ್ದಾಳೆ. ಕಂಪನಿಯವರೇ ಬಿಡ್ತಿಲ್ಲ, ಅಲ್ವಾ? ನೀವೆಲ್ಲ ಇಷ್ಟು ದಿನ ಏನ್ ಮಾಡ್ತಿದ್ರಿ?"

ಆ ಹುಡುಗಿ ಕ್ಯಾಲಿಫೋರ್ನಿಯಾದ ಈಶಾ ಖರೆ. ಪುಟ್ಟ ಸೂಪರ್‌ಕೆಪಾಸಿಟರ್ ಒಂದನ್ನು ಮಾಡಿ 2013ರ ಇಂಟೆಲ್ ವಿಜ್ಞಾನ ಮೇಳದಲ್ಲಿ 50,000 ಡಾಲರ್ ಬಹುಮಾನ ಗೆದ್ದವಳು. ಒಳ್ಳೆಯ ಕೆಲಸವೇ. ಆದರೆ ಅವಳು ಅದರಿಂದ ಉರಿಸಿ ತೋರಿಸಿದ್ದು ಒಂದು ಎಲ್‌ಇಡಿ. ಅದನ್ನು ಮೊಬೈಲ್ ಮಾಡಿದವರು ಹೆಡ್‌ಲೈನ್ ಬರೆದವರು. ಫಾರ್ವರ್ಡ್ ಮಾತ್ರ ಇನ್ನೂ ಓಡಾಡುತ್ತಲೇ ಇದೆ.

ಕೈ ತೊಳೆದು ಬಂದು ಅವರಿಗೆ ಲೆಕ್ಕ ಹೇಳಿದೆ. 5000 ಎಂಎಎಚ್ ಫೋನ್ ಬ್ಯಾಟರಿಯಲ್ಲಿ ಹೆಚ್ಚುಕಡಿಮೆ 69,000 ಜೂಲ್ ಶಕ್ತಿ ಇರುತ್ತದೆ. ಅಷ್ಟನ್ನು 20 ಸೆಕೆಂಡಲ್ಲಿ ತುಂಬಬೇಕು ಅಂದರೆ ಸುಮಾರು 3,500 ವ್ಯಾಟ್ ಬೇಕು. ಬಾತ್‌ರೂಮಿನ ಗೀಸರ್ 2,000 ವ್ಯಾಟ್. ಅದರ ಒಂದೂಮುಕ್ಕಾಲು ಪಟ್ಟನ್ನು ಜೇಬಿನಲ್ಲಿಡುವ ವಸ್ತುವಿಗೆ ನುಗ್ಗಿಸಬೇಕು. ಫೋನಿನ ಒಳಗೆ ಬರೀ 4 ವೋಲ್ಟ್, ಅಂದರೆ ಅಲ್ಲಿ ಹರಿಯುವುದು 850 ಆಂಪಿಯರ್‌ಗಿಂತ ಜಾಸ್ತಿ. ಅದಕ್ಕೆ ಎಷ್ಟು ದಪ್ಪದ ವೈರ್ ಬೇಕು ಅಂತ ಈ ಮನೆಗೆ ವೈರಿಂಗ್ ಮಾಡಿದವನನ್ನೇ ಕೇಳಿ ಅಂದೆ.

ಎಲ್ಲ ಕೇಳಿಸಿಕೊಂಡರು. "ಅಂದ್ರೆ ಕಂಪನಿಯವರು ಬಿಡ್ತಿಲ್ಲ" ಅಂದರು.

ಚಾರ್ಜ್ ಮಾಡುವ ಮಾತು ಬಿಡಿ, ಇಡಲು ಜಾಗ ಎಲ್ಲಿದೆ? 2.7 ವೋಲ್ಟಿನ, 100 ಫ್ಯಾರಡ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವುದರ ಅಳತೆ) ಸೂಪರ್‌ಕೆಪಾಸಿಟರ್ ಹೆಬ್ಬೆರಳಿಗಿಂತ ದಪ್ಪ, ನಾಲ್ಕೂವರೆ ಸೆಂಟಿಮೀಟರ್ ಉದ್ದ. ಅದರಲ್ಲಿ ಹಿಡಿಯುವುದು 365 ಜೂಲ್. ನಿಮ್ಮ ಫೋನಿಗೆ ಅಂಥವು 190 ಬೇಕು. ಜೇಬು ಸಾಲದು, ಚೀಲ ತನ್ನಿ. ಸಾಲದ್ದಕ್ಕೆ ಬ್ಯಾಟರಿಯ ವೋಲ್ಟೇಜ್ ಕೊನೆಯವರೆಗೂ ಸುಮಾರಾಗಿ ನಿಂತಿರುತ್ತದೆ, ಇದರದ್ದು ಬಳಸಲು ಶುರು ಮಾಡಿದ ಕ್ಷಣದಿಂದ ಇಳಿಯುತ್ತಲೇ ಹೋಗುತ್ತದೆ. ಅರ್ಧಕ್ಕೆ ಇಳಿಯುವಷ್ಟರಲ್ಲಿ ಮುಕ್ಕಾಲು ಪಾಲು ಶಕ್ತಿ ಖಾಲಿ. ಉಳಿದದ್ದನ್ನು ಹಿಂಡಿ ತೆಗೆಯಲು ಇನ್ನೊಂದು ಸರ್ಕ್ಯೂಟ್ ಬೇಕು. ಬಳಸದೆ ಸುಮ್ನೆ ಇಟ್ಟರೂ ಚಾರ್ಜ್ ಸೋರಿಹೋಗುತ್ತದೆ.

ಹಾಗಂತ ಅದನ್ನು ಬೈಯುತ್ತಿಲ್ಲ. ಬ್ಯಾಟರಿಯಲ್ಲಿ ಪ್ರತಿ ಸಲವೂ ರಾಸಾಯನಿಕ ಕ್ರಿಯೆ ನಡೆಯಬೇಕು, ಅದಕ್ಕೇ ಅದು ನಿಧಾನ, ಅದಕ್ಕೇ ಸವೆಯುತ್ತದೆ. ಸೂಪರ್‌ಕೆಪಾಸಿಟರ್‌ನಲ್ಲಿ ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಕಣಗಳು, ಇದ್ದಿಲಿನ ಮೈಗೆ ಅಂಟಿಕೊಳ್ಳುತ್ತವೆ, ಬಿಡುತ್ತವೆ. ಅಷ್ಟೇ ಕೆಲಸ. ಆ ಇದ್ದಿಲನ್ನು ಹೆಚ್ಚಾಗಿ ಮಾಡುವುದು ತೆಂಗಿನ ಚಿಪ್ಪಿನಿಂದ. ತಿಪಟೂರಿನ ಕಡೆ ಕೊಬ್ಬರಿ ತೆಗೆದ ಮೇಲೆ ರಾಶಿ ಬೀಳುತ್ತದಲ್ಲ, ಅದೇ ಚಿಪ್ಪು. ಸುಟ್ಟು, ಬಿಸಿ ಹಬೆ ಹಾಯಿಸಿದರೆ ಒಳಗೆಲ್ಲ ಕಣ್ಣಿಗೆ ಕಾಣದ ತೂತುಗಳು. ಒಂದು ಗ್ರಾಂ ಪುಡಿಯ ಒಳಮೈಯನ್ನು ಬಿಡಿಸಿ ಹಾಸಿದರೆ 1,500 ಚದರ ಮೀಟರ್, ಹತ್ತಿರ ಹತ್ತಿರ 15 ಗುಂಟೆ! ಹಾಗಾಗಿ ಲಕ್ಷಗಟ್ಟಲೆ ಸಲ ತುಂಬಿ ಖಾಲಿ ಮಾಡಿದರೂ ತಡೆಯುತ್ತದೆ.

ಇದನ್ನು ಯಾರೂ ಕೇಳುವುದಿಲ್ಲ. ಬ್ಯಾಟರಿ ಬೇಡವೇ ಬೇಡ ಅನ್ನುವಂಥ ವಸ್ತು ಯಾವುದು ಅಂತ ಒಬ್ಬರಾದರೂ ಕೇಳಬಾರದಾ? ಅದಕ್ಕಾದರೆ ಖುಷಿಯಿಂದ ಉತ್ತರ ಕೊಡುತ್ತಿದ್ದೆ, ಹೋಳಿಗೆ ಆರಿದರೂ ಪರವಾಗಿಲ್ಲ.

ಕಾರಿನ ಡ್ಯಾಶ್‌ಕ್ಯಾಮ್ ತಗೊಳ್ಳಿ. ಮೇ ತಿಂಗಳ ರಾಯಚೂರಿನ ಬಿಸಿಲಲ್ಲಿ ನಿಂತ ಕಾರಿನ ಗಾಜಿಗೆ ಅಂಟಿಕೊಂಡಿರುತ್ತದೆ. ಸಾಮಾನ್ಯ ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿ ದಾಟಿದ ಮೇಲೆ ಚಾರ್ಜ್ ಮಾಡಬಾರದು. ಅಲ್ಲಿಟ್ಟರೆ ಊದಿಕೊಳ್ಳುತ್ತದೆ. ಕ್ಯಾಮೆರಾಗೆ ಬೇಕಿರುವುದಾದರೂ ಎಷ್ಟು? ಕೀ ತೆಗೆದ ಮೇಲೆ ಕೊನೆಯ ವೀಡಿಯೊ ಸೇವ್ ಮಾಡಲು ಕೆಲವು ಸೆಕೆಂಡು. ಅದಕ್ಕೇ ಈಗ ಎಷ್ಟೋ ಡ್ಯಾಶ್‌ಕ್ಯಾಮ್‌ಗಳಲ್ಲಿ ಸೂಪರ್‌ಕೆಪಾಸಿಟರ್ ಇದೆ. ಕೆಲವು ಡೈನಮೊ ಸೈಕಲ್‌ಗಳ ಹಿಂದಿನ ದೀಪ ಸಿಗ್ನಲ್‌ನಲ್ಲಿ ನಿಂತಾಗಲೂ ಉರಿಯುವುದು ಇದರಿಂದಲೇ. ಸ್ಯಾಮ್‌ಸಂಗ್‌ನವರ 2018ರ ಗ್ಯಾಲಕ್ಸಿ ನೋಟ್ 9 ಫೋನಿನ ಪೆನ್ನಿನಲ್ಲೂ ಇದೇ ಇತ್ತು. 40 ಸೆಕೆಂಡ್ ಚಾರ್ಜ್, ಅರ್ಧ ಗಂಟೆ ಬಳಕೆ. ಖಾಲಿಯಾದರೆ ಫೋನಿನೊಳಗೆ ಸಿಕ್ಕಿಸಿದರೆ ಆಯ್ತು. ಫೋನಿಗೆ ಮಾತ್ರ ಅವರೂ ಬ್ಯಾಟರಿಯನ್ನೇ ಹಾಕಿದ್ದರು.

ಇಷ್ಟಾದ ಮೇಲೂ ಕೈ ತುರಿಸುವವರಿಗೆ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಸೂಪರ್‌ಕೆಪಾಸಿಟರ್ ಬಿಡಿಯಾಗಿ ಸಿಗುತ್ತದೆ. ಒಂದನ್ನೇ ತಂದು 5 ವೋಲ್ಟ್ ಯುಎಸ್‌ಬಿಗೆ ನೇರ ಕೊಡಬೇಡಿ, 2.7 ದಾಟಿದರೆ ಕೆಡುತ್ತದೆ. ಎರಡನ್ನು ಸೀರೀಸ್ ಮಾಡಿದರೆ (ಒಂದರ ಹಿಂದೆ ಒಂದು ಜೋಡಿಸಿದರೆ) ಎರಡಕ್ಕೂ ವೋಲ್ಟೇಜ್ ಸಮ ಹಂಚುವ ರೆಸಿಸ್ಟರ್ ಹಾಕಿ. ಚಾರ್ಜ್ ಆಗಿದೆಯಾ ಅಂತ ನೋಡಲು ಮಲ್ಟಿಮೀಟರ್ ಇದೆ, ಸ್ಕ್ರೂಡ್ರೈವರ್ ಇಟ್ಟು ಶಾರ್ಟ್ ಮಾಡಬೇಡಿ.